ಸಾಲ್ವೆಂಟ್ ತಂದದ್ದನ್ನಷ್ಟೇ ಯಂತ್ರ ನೋಡುತ್ತದೆ: ದ್ರಾಕ್ಷಿಯಲ್ಲಿ ಔಷಧಿ ಉಳಿಕೆ ಹುಡುಕುವ ಬಗೆ

ಹಣ್ಣಿನಲ್ಲಿ ಕೀಟನಾಶಕದ ಉಳಿಕೆ ಇದೆಯಾ ಎಂದು ನೋಡುವ ಯಾವ ಲ್ಯಾಬಿಗೆ ಹೋದರೂ ಮೊದಲು ತೋರಿಸುವುದು ಮಾಸ್ ಸ್ಪೆಕ್ಟ್ರೋಮೀಟರನ್ನು, ಅಂದರೆ ಅಣುಗಳನ್ನು ಅವುಗಳ ತೂಕದಿಂದ ಗುರುತಿಸುವ ಯಂತ್ರವನ್ನು. ದುಬಾರಿ ಯಂತ್ರ, ತಣ್ಣನೆಯ ಎಸಿ ಕೋಣೆ, ತೆರೆಯ ಮೇಲೆ ಏಳುವ ಚೂಪಾದ ಗೆರೆಗಳು. ಪಕ್ಕದ ಕೋಣೆಯಲ್ಲಿ ಮಿಕ್ಸರ್, ತಕ್ಕಡಿ, ಪ್ಲಾಸ್ಟಿಕ್ ಟ್ಯೂಬು, ಸಾಲ್ವೆಂಟ್ (ವಸ್ತುಗಳನ್ನು ಕರಗಿಸಿಕೊಳ್ಳುವ ದ್ರವ) ಬಾಟಲಿ ಇಟ್ಟುಕೊಂಡು ಯಾರೋ ಒಬ್ಬರು ಕೆಲಸ ಮಾಡುತ್ತಿರುತ್ತಾರೆ. ಅಲ್ಲಿಗೆ ಯಾರೂ ಕರೆದುಕೊಂಡು ಹೋಗುವುದಿಲ್ಲ. ಆದರೆ ರಿಪೋರ್ಟಿನ ಅಂಕಿ ನಂಬುವಂಥದ್ದೋ ಅಲ್ಲವೋ ಎಂಬುದು ಬಹುಪಾಲು ಆ ಕೋಣೆಯಲ್ಲೇ ತೀರ್ಮಾನವಾಗಿರುತ್ತದೆ. ಯಂತ್ರ ದ್ರಾಕ್ಷಿಯನ್ನು ನೋಡುವುದೇ ಇಲ್ಲ. ಸಾಲ್ವೆಂಟ್ ಏನನ್ನು ಹೊತ್ತು ತಂದಿತೋ ಅದನ್ನಷ್ಟೇ ನೋಡುತ್ತದೆ. ಸಾಲ್ವೆಂಟಿನ ಜೊತೆ ಬಾರದೆ ತಿರುಳಿನಲ್ಲೇ ಉಳಿದದ್ದು ಎಷ್ಟೇ ಇದ್ದರೂ ತೆರೆಯ ಮೇಲೆ ಸೊನ್ನೆ.

ಇದನ್ನು ದ್ರಾಕ್ಷಿಯನ್ನೇ ಹಿಡಿದು ವಿವರಿಸುತ್ತೇನೆ. ಒಂದೇ ಹಣ್ಣಿನಲ್ಲಿ ಸುಲಭವಾಗಿ ಹೊರಬರುವ ಔಷಧಿ, ಹಟ ಹಿಡಿಯುವ ಔಷಧಿ, ಯಾವ ಸಾಲ್ವೆಂಟಿಗೂ ಜಗ್ಗದ ಔಷಧಿ ಮೂರೂ ಸಿಗುತ್ತವೆ. ವಿಜಯಪುರ, ಬಾಗಲಕೋಟೆ ಕಡೆಯ ರೈತರಿಗಂತೂ ಇವುಗಳ ಹೆಸರು ಬಾಯಿಪಾಠ.

ಮೊದಲು ಎಷ್ಟು ಸಣ್ಣದನ್ನು ಹುಡುಕುತ್ತಿದ್ದೇವೆ ಎಂದು ನೋಡೋಣ. ಪ್ರತ್ಯೇಕ ಮಿತಿ ಗೊತ್ತು ಮಾಡದ ಕೀಟನಾಶಕಕ್ಕೆ ಯುರೋಪಿನಲ್ಲಿ ಸಾಮಾನ್ಯ ಮಿತಿ ಕಿಲೋಗೆ 0.01 ಮಿಲಿಗ್ರಾಂ. ಅಂದರೆ 1,000 ಟನ್ ದ್ರಾಕ್ಷಿಯಲ್ಲಿ 10 ಗ್ರಾಂ. ಲ್ಯಾಬಿನಲ್ಲಿ ತೂಗಿಕೊಳ್ಳುವುದು 10 ಗ್ರಾಂ ರುಬ್ಬಿದ ದ್ರಾಕ್ಷಿ. ಮಿತಿಯ ಅಂಚಿನಲ್ಲಿದ್ದರೆ ಅದರೊಳಗಿನ ಔಷಧಿ ಒಂದು ಮಿಲಿಗ್ರಾಂನ ಹತ್ತು ಸಾವಿರದ ಒಂದು ಪಾಲು. ಅದರ ಜೊತೆಗೆ 8 ಗ್ರಾಂನಷ್ಟು ನೀರು, ಒಂದೂವರೆ ಗ್ರಾಂನಷ್ಟು ಸಕ್ಕರೆ, ಟಾರ್ಟಾರಿಕ್ ಆಮ್ಲ, ಸಿಪ್ಪೆಯ ಮೇಣ, ಬಣ್ಣ.

ಹಾಗಾದರೆ ರಸವನ್ನೇ ಸೋಸಿ ಯಂತ್ರಕ್ಕೆ ಕೊಟ್ಟರೆ ಆಗುವುದಿಲ್ಲವೇ? ಆಗುವುದಿಲ್ಲ. ಸಕ್ಕರೆ ಯಂತ್ರದ ಬಿಸಿ ಭಾಗಗಳಲ್ಲಿ ಸುಟ್ಟು ಕರಕಲಾಗುತ್ತದೆ, ವಸ್ತುಗಳನ್ನು ಬೇರ್ಪಡಿಸುವ ಕೊಳವೆ, ಅಂದರೆ ಕಾಲಮ್, ಕಟ್ಟಿಕೊಳ್ಳುತ್ತದೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಔಷಧಿಯ ಅಣುಗಳು ವಿದ್ಯುದಾವೇಶ ಪಡೆದು ಅಯಾನು ಆಗಬೇಕಾದ ಜಾಗದಲ್ಲಿ ಬೇರೆ ವಸ್ತುಗಳ ನೂಕುನುಗ್ಗಲು ಆದರೆ, ಔಷಧಿಯ ಗೆರೆ ಇರಬೇಕಾದ್ದಕ್ಕಿಂತ ಗಿಡ್ಡವಾಗಿ ಕಾಣುತ್ತದೆ. ಹಣ್ಣಿನಲ್ಲಿ ಜಾಸ್ತಿ ಇದ್ದದ್ದು ರಿಪೋರ್ಟಿನಲ್ಲಿ ಕಮ್ಮಿ ಆಗುತ್ತದೆ. ಹಾಗಾಗಿ ಎರಡು ಕೆಲಸ ಒಟ್ಟಿಗೆ ಆಗಬೇಕು: ಬೇಕಾದ್ದು ಹೊರಗೆ ಬರಬೇಕು, ಬೇಡದ್ದು ಆದಷ್ಟೂ ಅಲ್ಲೇ ಉಳಿಯಬೇಕು.

ಇದರ ಹಿಂದಿನ ತತ್ವ ಸರಳ. ಸಾರಿನ ಮೇಲೆ ತೇಲುವ ಎಣ್ಣೆಯನ್ನು ನೋಡಿ. ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಆ ಎಣ್ಣೆಗೆ ಹೋಗಿರುತ್ತದೆ, ಹುಣಸೆಯ ಹುಳಿ ಕೆಳಗಿನ ನೀರಿನಲ್ಲಿ ಉಳಿದಿರುತ್ತದೆ. ಒಂದರೊಳಗೊಂದು ಬೆರೆಯದ ಎರಡು ದ್ರವ ಸಿಕ್ಕಿದರೆ ಪ್ರತಿಯೊಂದು ವಸ್ತುವೂ ತನಗೆ ಒಗ್ಗುವ ಕಡೆ ಜಾಸ್ತಿ ಸೇರುತ್ತದೆ. ಆದರೆ ಪೂರ್ತಿ ಒಂದೇ ಕಡೆ ಹೋಗುವುದಿಲ್ಲ, ಎರಡೂ ಕಡೆ ಒಂದು ಅನುಪಾತದಲ್ಲಿ ಹಂಚಿಕೊಳ್ಳುತ್ತದೆ. 1872ರಲ್ಲಿ ಫ್ರಾನ್ಸಿನ ಬರ್ತೆಲೋ ಮತ್ತು ಯುಂಗ್‌ಫ್ಲೈಶ್ ಈ ಅನುಪಾತ ಸ್ಥಿರವಾಗಿರುತ್ತದೆ ಎಂದು ತೋರಿಸಿದರು. 1891ರಲ್ಲಿ ಜರ್ಮನಿಯ ನರ್ನ್ಸ್ಟ್ ಅದಕ್ಕೆ ಗಟ್ಟಿ ಸಿದ್ಧಾಂತದ ರೂಪ ಕೊಟ್ಟರು.

ಈ ಅನುಪಾತದಿಂದ ಒಂದು ಉಪಯೋಗದ ಲೆಕ್ಕ ಹುಟ್ಟುತ್ತದೆ. ನೀರಿಗಿಂತ ಸಾಲ್ವೆಂಟಿನಲ್ಲಿ ಮೂರು ಪಟ್ಟು ಸಾಂದ್ರತೆಗೆ ಸೇರುವ ಒಂದು ವಸ್ತು 100 ಮಿಲಿ ನೀರಿನಲ್ಲಿದೆ ಎಂದುಕೊಳ್ಳಿ. ನಮ್ಮ ಹತ್ತಿರ ಇರುವುದು 100 ಮಿಲಿ ಸಾಲ್ವೆಂಟ್. ಅಷ್ಟನ್ನೂ ಒಂದೇ ಸಲ ಹಾಕಿ ಕುಲುಕಿದರೆ ನೀರಿನಲ್ಲಿ ಶೇ. 25 ಉಳಿದುಬಿಡುತ್ತದೆ. 50 ಮಿಲಿಯಂತೆ ಎರಡು ಸಲ ಮಾಡಿದರೆ ಶೇ. 16 ಉಳಿಯುತ್ತದೆ. 25 ಮಿಲಿಯಂತೆ ನಾಲ್ಕು ಸಲ ಮಾಡಿದರೆ ಶೇ. 11ಕ್ಕಿಂತ ಸ್ವಲ್ಪ ಕಮ್ಮಿ. ಖರ್ಚಾದ ಸಾಲ್ವೆಂಟ್ ಅಷ್ಟೇ, ಬಂದ ಫಲ ಜಾಸ್ತಿ. ಹಾಗಂತ ನೂರು ಸಲ ಮಾಡಿದರೂ ಶೇ. 5ರ ಹತ್ತಿರ ಬಂದು ನಿಲ್ಲುತ್ತದೆ. ಆಮೇಲೆ ಬರೀ ಕೈನೋವು. ಲೀಟರ್ ನೀರಿನಿಂದ ಉಳಿಕೆ ತೆಗೆಯುವ ಹಳೆಯ ವಿಧಾನಗಳಲ್ಲಿ 60 ಮಿಲಿ ಸಾಲ್ವೆಂಟನ್ನು ಮೂರು ಸಲ ಹಾಕಿ ಎಂದು ಬರೆದಿರುವುದು ಇದೇ ಲೆಕ್ಕದಿಂದ.

ಆ ಕೆಲಸಕ್ಕೆ ಬಳಸುತ್ತಿದ್ದ ಪಾತ್ರೆ ಸೆಪರೇಟಿಂಗ್ ಫನೆಲ್: ಪೇರಳೆ ಆಕಾರದ ಗಾಜಿನ ಬುರುಡೆ, ತಳದಲ್ಲಿ ನಲ್ಲಿ. ಬಿಎಸ್ಸಿ ಲ್ಯಾಬಿನಲ್ಲಿ ಇದನ್ನು ಕೈಯಲ್ಲಿ ಹಿಡಿದವರು ಬಹಳ ಮಂದಿ ಇರಬಹುದು. ಡೈಕ್ಲೋರೋಮೀಥೇನ್ ಎಂಬ ಸಾಲ್ವೆಂಟ್ ಹಾಕಿ ಕುಲುಕಿದರೆ ಅದು ಬೇಗ ಆವಿಯಾಗಿ ಒಳಗೆ ಒತ್ತಡ ಏರುತ್ತದೆ, ಅದರ ಕುದಿಯುವ ಬಿಂದು ಬರೀ 40 ಡಿಗ್ರಿ. ಹಾಗಾಗಿ ಎರಡು ಸಲ ಕುಲುಕಿ, ಫನೆಲ್ ಬೋರಲು ಮಾಡಿ, ತುದಿಯನ್ನು ಯಾರ ಮುಖಕ್ಕೂ ತೋರದಂತೆ ಹಿಡಿದು ನಲ್ಲಿ ತಿರುಗಿಸಬೇಕು. ಪುಸ್ ಎಂದು ಗಾಳಿ ಹೊರಡುತ್ತದೆ. ಆಮೇಲೆ ಮತ್ತೆ ಕುಲುಕಬೇಕು. ಡೈಕ್ಲೋರೋಮೀಥೇನ್ ನೀರಿಗಿಂತ ಭಾರ, ಕೆಳಗೆ ಕೂರುತ್ತದೆ. ಹೆಕ್ಸೇನ್ ಎಂಬ ಇನ್ನೊಂದು ಸಾಲ್ವೆಂಟ್ ಹಗುರ, ಮೇಲೆ ನಿಲ್ಲುತ್ತದೆ. ಯಾವ ಪದರ ಬೇಕು ಎಂದು ಗೊಂದಲವಾದರೆ ಕೆಲಸ ಮುಗಿಯುವ ತನಕ ಎರಡನ್ನೂ ಚೆಲ್ಲಬಾರದು. ಹುರುಪಿನಿಂದ ಜೋರಾಗಿ ಕುಲುಕಿದರೆ ಇನ್ನೊಂದು ತಾಪತ್ರಯ: ನಡುವೆ ಬಿಳಿ ನೊರೆಯಂಥ ಪದರ ಕಟ್ಟಿಕೊಂಡು ಎಷ್ಟು ಹೊತ್ತಾದರೂ ಬಿಡುವುದಿಲ್ಲ. ಆಗ ಒಂದಿಷ್ಟು ಉಪ್ಪು ಹಾಕಿದರೆ ಸಾಮಾನ್ಯವಾಗಿ ಒಡೆಯುತ್ತದೆ.

ಸಾಲ್ವೆಂಟಿನಿಂದ ಕೀಟನಾಶಕದ ಉಳಿಕೆ ಹುಡುಕುವ ಕೆಲಸ ಹಬ್ಬಿದ್ದು ಡಿಡಿಟಿ ಕಾಲದಲ್ಲಿ. ಡಿಡಿಟಿ ಜಾತಿಯವು ನೀರನ್ನು ಕಂಡರೆ ಓಡುವಂಥವು, ಕೊಬ್ಬು, ಎಣ್ಣೆ, ಹೆಕ್ಸೇನ್‌ಗೆ ಸಲೀಸಾಗಿ ಬರುತ್ತವೆ. 1963ರಲ್ಲಿ ಅಮೆರಿಕದ ಮಿಲ್ಸ್ ಮತ್ತು ಜೊತೆಗಾರರು ಪ್ರಕಟಿಸಿದ ವಿಧಾನ ಇಂಥವುಗಳಿಗೆ ಚೆನ್ನಾಗಿ ಒಗ್ಗಿತು. ಹಣ್ಣನ್ನು ಅಸಿಟೋನೈಟ್ರೈಲ್‌ನಲ್ಲಿ ಅರೆದು, ನೀರು ಸೇರಿಸಿ, ಪೆಟ್ರೋಲಿಯಂ ಈಥರಿಗೆ ಎಳೆದುಕೊಳ್ಳುವುದು. ಆಮೇಲೆ ಆರ್ಗನೋಫಾಸ್ಫರಸ್ (ರಂಜಕ ಸೇರಿದ) ಔಷಧಿಗಳ ಬಳಕೆ ಹೆಚ್ಚಿತು. ಇವುಗಳಲ್ಲಿ ಅಸಿಫೇಟ್‌ನಂಥವು ನೀರನ್ನು ಬಿಟ್ಟು ಬರಲು ಒಪ್ಪುವುದಿಲ್ಲ. ಹಳೆಯ ವಿಧಾನದಲ್ಲಿ ಅವು ಕಾಣುತ್ತಲೇ ಇರಲಿಲ್ಲ. 1975ರಲ್ಲಿ ಬಂದ ಲ್ಯೂಕ್ ವಿಧಾನ ಅಸಿಟೋನ್ ಮತ್ತು ಡೈಕ್ಲೋರೋಮೀಥೇನ್ ಬಳಸಿ ಬಲೆಯನ್ನು ಅಗಲ ಮಾಡಿತು. ಆದರೆ ಒಂದೊಂದು ಸ್ಯಾಂಪಲ್ಲಿಗೂ ನೂರಾರು ಮಿಲಿ ಸಾಲ್ವೆಂಟ್, ಅದನ್ನು ಆವಿ ಮಾಡುವ ಹೊತ್ತು, ಕ್ಲೋರಿನ್ ತುಂಬಿದ ತ್ಯಾಜ್ಯ. ಅದನ್ನು ದಿನವಿಡೀ ಉಸಿರಾಡುವವರು ಲ್ಯಾಬಿನವರೇ. ಹಣ್ಣು ತಿನ್ನುವವರ ಆರೋಗ್ಯ ಕಾಯುವ ಕೆಲಸ ಅದನ್ನು ಮಾಡುವವರ ಆರೋಗ್ಯ ಕೆಡಿಸಬಾರದು ಅಲ್ವಾ?

ದಾರಿ ತೆರೆದದ್ದು 2003ರಲ್ಲಿ. ಪೆನ್ಸಿಲ್ವೇನಿಯಾದಲ್ಲಿರುವ ಅಮೆರಿಕ ಕೃಷಿ ಇಲಾಖೆಯ ಸಂಶೋಧನಾ ಕೇಂದ್ರದಲ್ಲಿ ಸ್ಟೀವನ್ ಲೆಹೋಟೆ ಜೊತೆ ಕೆಲಸ ಮಾಡಿದ ಮೈಕೆಲಾಂಜೆಲೊ ಅನಸ್ತಾಸಿಯಾಡೀಸ್ ಮತ್ತು ಸಂಗಡಿಗರು ಕ್ವೆಚರ್ಸ್ ಎಂಬ ವಿಧಾನ ಪ್ರಕಟಿಸಿದರು. ಇವತ್ತು ಜಗತ್ತಿನ ಉಳಿಕೆ ಲ್ಯಾಬುಗಳಲ್ಲಿ ಇದರ ಒಂದಲ್ಲ ಒಂದು ರೂಪ ನಡೆಯುತ್ತಿದೆ.

ಹತ್ತಿರದಿಂದ ನೋಡೋಣ. 50 ಮಿಲಿಯ ಪ್ಲಾಸ್ಟಿಕ್ ಟ್ಯೂಬಿಗೆ 10 ಗ್ರಾಂ ರುಬ್ಬಿದ ದ್ರಾಕ್ಷಿ, ಅದರ ಮೇಲೆ 10 ಮಿಲಿ ಅಸಿಟೋನೈಟ್ರೈಲ್. ಮುಚ್ಚಳ ಹಾಕಿ ಒಂದು ನಿಮಿಷ ಜೋರಾಗಿ ಕುಲುಕುವುದು. ಅಸಿಟೋನೈಟ್ರೈಲ್ ನೀರಿನಲ್ಲಿ ಪೂರ್ತಿ ಬೆರೆಯುವ ದ್ರವ. ಇದೇ ಅದರ ಬಲ. ಬೆರೆಯುವುದರಿಂದ ತಿರುಳಿನ ಒದ್ದೆ ಸಂದುಗಳ ಒಳಗೆಲ್ಲ ನುಗ್ಗುತ್ತದೆ, ಹೆಕ್ಸೇನ್ ಹೊರಗೇ ನಿಂತುಬಿಡುತ್ತಿತ್ತು. ಆದರೆ ಬೆರೆತದ್ದನ್ನು ಮತ್ತೆ ಬೇರೆ ಮಾಡಬೇಕಲ್ಲ? ಅದಕ್ಕೆ 4 ಗ್ರಾಂ ನೀರಿಲ್ಲದ ಮೆಗ್ನೀಸಿಯಂ ಸಲ್ಫೇಟ್ ಮತ್ತು 1 ಗ್ರಾಂ ಉಪ್ಪು. ಈ ಲವಣಗಳು ನೀರನ್ನು ತಮ್ಮ ಕಡೆ ಎಳೆದುಕೊಳ್ಳುತ್ತವೆ, ಅಸಿಟೋನೈಟ್ರೈಲ್‌ಗೆ ಜಾಗ ಸಾಲದೆ ಬೇರೆ ಪದರವಾಗಿ ಮೇಲೇಳುತ್ತದೆ. ಜೊತೆಗೆ ಔಷಧಿಗಳನ್ನೂ ನೀರಿನಿಂದ ಹೊರಗೆ ತಳ್ಳುತ್ತವೆ. ಮೆಗ್ನೀಸಿಯಂ ಸಲ್ಫೇಟ್ ನೀರು ಕುಡಿಯುವಾಗ ಬಿಸಿ ಹುಟ್ಟುತ್ತದೆ, ಟ್ಯೂಬು ಹಿಡಿದ ಕೈಗೆ ಅದು ಗೊತ್ತಾಗುತ್ತದೆ. ಪುಡಿ ಹಾಕಿದ ಕೂಡಲೇ ಕುಲುಕಬೇಕು. ತಡ ಮಾಡಿದರೆ ತಳದಲ್ಲಿ ಕಲ್ಲಿನಂತೆ ಗಟ್ಟಿಯಾಗಿ, ಅದರೊಳಗೆ ಸಿಕ್ಕಿದ ರಸ ಸಾಲ್ವೆಂಟಿನ ಕೈಗೆ ಸಿಗುವುದಿಲ್ಲ. ಎಷ್ಟೋ ಸಲ ಅಂಕಿ ಕಮ್ಮಿ ಬರುವುದಕ್ಕೆ ಇಂಥ ಸಣ್ಣ ವಿಷಯವೇ ಕಾರಣ.

ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದರೆ ಟ್ಯೂಬಿನಲ್ಲಿ ತಳದಲ್ಲಿ ಲವಣ, ಅದರ ಮೇಲೆ ನೀರು ಮತ್ತು ತಿರುಳು, ಎಲ್ಲಕ್ಕಿಂತ ಮೇಲೆ ತಿಳಿಯಾದ ಅಸಿಟೋನೈಟ್ರೈಲ್ ನಿಲ್ಲುತ್ತದೆ. ಅದರಿಂದ 1 ಮಿಲಿ ತೆಗೆದು 25 ಮಿಲಿಗ್ರಾಂ ಪಿಎಸ್‌ಎ ಎಂಬ ಬಿಳಿ ಪುಡಿ ಮತ್ತು 150 ಮಿಲಿಗ್ರಾಂ ಮೆಗ್ನೀಸಿಯಂ ಸಲ್ಫೇಟ್ ಇರುವ ಸಣ್ಣ ಟ್ಯೂಬಿಗೆ ಹಾಕುತ್ತಾರೆ. ಪಿಎಸ್‌ಎ ಹಣ್ಣಿನ ಆಮ್ಲಗಳನ್ನು, ಒಂದಿಷ್ಟು ಸಕ್ಕರೆಯನ್ನು ಹಿಡಿದುಕೊಳ್ಳುತ್ತದೆ. ಬೆಂಗಳೂರು ಬ್ಲೂ ಥರದ ಕಪ್ಪು ದ್ರಾಕ್ಷಿಯಾದರೆ ಬಣ್ಣದ ಒಂದು ಪಾಲನ್ನೂ ಹಿಡಿಯುತ್ತದೆ. ಮತ್ತೊಮ್ಮೆ ಸೆಂಟ್ರಿಫ್ಯೂಜ್ ಮಾಡಿದರೆ ಯಂತ್ರಕ್ಕೆ ಕೊಡಬಹುದಾದ ದ್ರವ ಸಿದ್ಧ. ಅರ್ಧ ಗಂಟೆಯಲ್ಲಿ ಒಬ್ಬರೇ ಏಳೆಂಟು ಸ್ಯಾಂಪಲ್ ಮುಗಿಸಬಹುದು.

ಲೆಕ್ಕವೂ ಚೊಕ್ಕಟ. 10 ಗ್ರಾಂ ಹಣ್ಣು, 10 ಮಿಲಿ ಸಾಲ್ವೆಂಟ್. ಹಾಗಾಗಿ 1 ಮಿಲಿ ಎಂದರೆ 1 ಗ್ರಾಂ ಹಣ್ಣು. ಮಿತಿಯಂಚಿನ ಹಣ್ಣಾದರೆ ಆ 1 ಮಿಲಿಯಲ್ಲಿ 10 ನ್ಯಾನೋಗ್ರಾಂ ಔಷಧಿ. ಯಂತ್ರಕ್ಕೆ ಹೋಗುವುದು 5 ಮೈಕ್ರೋಲೀಟರ್, ಅದರಲ್ಲಿ 50 ಪಿಕೋಗ್ರಾಂ. ಈಗಿನ ಯಂತ್ರಗಳಿಗೆ ಅಷ್ಟು ಸಾಕು. ಹಿಂದೆ ನೂರಾರು ಮಿಲಿ ಸಾಲ್ವೆಂಟ್ ಆವಿ ಮಾಡಿ ಇಂಗಿಸುತ್ತಿದ್ದುದು ಯಂತ್ರದ ಕಣ್ಣು ಮಂದವಾಗಿದ್ದ ಕಾರಣಕ್ಕೆ.

ಹುಳಿಯ ಪ್ರಮಾಣವೂ ಇಲ್ಲಿ ಮುಖ್ಯ. ಕ್ಯಾಪ್ಟಾನ್‌ನಂಥ ಶಿಲೀಂಧ್ರನಾಶಕ ಕ್ಷಾರದಲ್ಲಿ ಒಡೆದುಹೋಗುತ್ತದೆ. ಕಳೆನಾಶಕ 2,4-ಡಿ ತಾನೇ ಒಂದು ಆಮ್ಲ, ಹುಳಿ ಕಮ್ಮಿಯಾದರೆ ಆವೇಶ ಪಡೆದು ನೀರಿನಲ್ಲೇ ಉಳಿಯುವ ಕಡೆ ವಾಲುತ್ತದೆ. ಹೀಗಾಗಿ ಯುರೋಪಿನ ಅಧಿಕೃತ ರೂಪದಲ್ಲಿ ಸಿಟ್ರೇಟ್ ಲವಣ ಸೇರಿಸಿ ಪಿಎಚ್ (ಹುಳಿಯ ಅಳತೆ) 5ರ ಆಸುಪಾಸು ನಿಲ್ಲಿಸುತ್ತಾರೆ. ಅಮೆರಿಕದ ರೂಪದಲ್ಲಿ ಅಸಿಟೇಟ್ ಬಳಸುತ್ತಾರೆ. ಇಷ್ಟಾದರೂ 2,4-ಡಿಗೆ ಇನ್ನೊಂದು ಗಂಡಾಂತರ ಇದೆ. ಹಣ್ಣಿನ ಆಮ್ಲ ಹಿಡಿಯಲೆಂದು ಹಾಕಿದ ಪಿಎಸ್‌ಎ ಇದನ್ನೂ ಆಮ್ಲವೆಂದು ಹಿಡಿದುಕೊಳ್ಳುತ್ತದೆ! 2,4-ಡಿ ಹುಡುಕುವಾಗ ಪಿಎಸ್‌ಎ ಹಾಕುವ ಮೊದಲೇ ದ್ರವ ತೆಗೆದು ಯಂತ್ರಕ್ಕೆ ಕೊಡಬೇಕು.

ಭಾರತದಲ್ಲಿ ದ್ರಾಕ್ಷಿಗೆ ಇನ್ನೊಂದು ದಾರಿಯೂ ಬೆಳೆಯಿತು. ರಫ್ತು ದ್ರಾಕ್ಷಿಯ ಉಳಿಕೆ ಪರೀಕ್ಷೆಗೆ ರಾಷ್ಟ್ರೀಯ ರೆಫರಲ್ ಲ್ಯಾಬ್ ಇರುವುದು ಪುಣೆಯ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರದಲ್ಲಿ. ಅಲ್ಲಿನ ವಿಜ್ಞಾನಿಗಳು ಅಸಿಟೋನೈಟ್ರೈಲ್ ಬದಲು ಈಥೈಲ್ ಅಸಿಟೇಟ್ ಬಳಸುವ ವಿಧಾನ ರೂಪಿಸಿ 2007ರಲ್ಲಿ ಪ್ರಕಟಿಸಿದರು. 10 ಗ್ರಾಂ ಹಣ್ಣು, 10 ಮಿಲಿ ಈಥೈಲ್ ಅಸಿಟೇಟ್, ನೀರು ಹೀರಲು 10 ಗ್ರಾಂ ಸೋಡಿಯಂ ಸಲ್ಫೇಟ್. ಈಥೈಲ್ ಅಸಿಟೇಟ್ ಅಗ್ಗ, ವಿಷ ಕಮ್ಮಿ, ನೀರಿನಲ್ಲಿ ಅಷ್ಟಾಗಿ ಬೆರೆಯುವುದಿಲ್ಲ. ಕೊಬ್ಬನ್ನೂ ಎಳೆದು ತರುವುದು ಅದರ ದೋಷ, ಆದರೆ ದ್ರಾಕ್ಷಿಯ ತಿರುಳಿನಲ್ಲಿ ಕೊಬ್ಬು ಎಷ್ಟಿರುತ್ತದೆ? ಹಣ್ಣಿಗೆ ತಕ್ಕ ಸಾಲ್ವೆಂಟ್ ಆರಿಸಿದ್ದಕ್ಕೆ ಇದು ಒಳ್ಳೆಯ ಉದಾಹರಣೆ ಎಂದು ನನ್ನ ಅಭಿಪ್ರಾಯ. 2008ರ ಕೊನೆಯಲ್ಲಿ ಜಗತ್ತಿನಾದ್ಯಂತ ಅಸಿಟೋನೈಟ್ರೈಲ್ ಅಭಾವ ಬಂದಾಗ ಇಂಥ ಪರ್ಯಾಯದ ಬೆಲೆ ಗೊತ್ತಾಯಿತು. ಅದು ಅಕ್ರಿಲೋನೈಟ್ರೈಲ್ ತಯಾರಿಕೆಯ ಉಪ ಉತ್ಪನ್ನ. ಆರ್ಥಿಕ ಕುಸಿತದಿಂದ ಕಾರಿನ ಪ್ಲಾಸ್ಟಿಕ್ಕಿಗೆ ಬೇಡಿಕೆ ಬಿದ್ದಾಗ ಲ್ಯಾಬುಗಳ ಸಾಲ್ವೆಂಟೂ ಸಿಗದಾಯಿತು.

ಒಣದ್ರಾಕ್ಷಿಗೆ ಇದೇ ವಿಧಾನ ಸುಮ್ನೆ ಹಾಗೇ ನಡೆಯುವುದಿಲ್ಲ. ಒಣಗಿದ ತಿರುಳು ಮುದುಡಿ ಬಿಗಿಯಾಗಿರುತ್ತದೆ, ಸಾಲ್ವೆಂಟ್ ಒಳಗೆ ಇಳಿಯುವುದಿಲ್ಲ. ಮೊದಲು ನೀರು ಹಾಕಿ ನೆನೆಸಿ, ಅರೆದು, ಆಮೇಲೆ ಸಾಲ್ವೆಂಟ್ ಹಾಕಬೇಕು. ಸ್ಯಾಂಪಲ್ಲನ್ನೂ 10 ಗ್ರಾಂ ಬದಲು 5 ಗ್ರಾಂ ತೆಗೆದುಕೊಳ್ಳುವುದು ವಾಡಿಕೆ. ಸುಮಾರು ನಾಲ್ಕು ಕಿಲೋ ಹಸಿ ದ್ರಾಕ್ಷಿ ಒಣಗಿ ಒಂದು ಕಿಲೋ ಆಗುವುದರಿಂದ, ಒಣಗುವಾಗ ನಾಶವಾಗದ ಔಷಧಿ ನಾಲ್ಕು ಪಟ್ಟು ಗಾಢವಾಗಬಹುದು ಎಂಬುದನ್ನೂ ನೆನಪಿಡಬೇಕು.

ಈಗ ಹಟಮಾರಿಗಳ ಕಡೆ ಬರೋಣ. ಡೌನಿ ರೋಗಕ್ಕೆ ದ್ರಾಕ್ಷಿ ತೋಟದಲ್ಲಿ ಹೊಡೆಯುವ ಮ್ಯಾಂಕೋಜೆಬ್ ಯಾರಿಗೆ ಗೊತ್ತಿಲ್ಲ? ಆ ಹಳದಿ ಪುಡಿ ಲೋಹ ಸೇರಿದ ಉದ್ದ ಸರಪಳಿಯ ಪಾಲಿಮರ್. ಸಾಮಾನ್ಯ ಸಾಲ್ವೆಂಟುಗಳಲ್ಲಿ ಕರಗುವುದೇ ಇಲ್ಲ. ಕ್ವೆಚರ್ಸ್ ಮಾಡಿದರೆ ಅದು ತಿರುಳಿನ ಜೊತೆ ತಳದಲ್ಲೇ ಕೂತಿರುತ್ತದೆ. ಅದಕ್ಕೇ ಅದನ್ನು ಹೊರಗೆ ತರುವ ಆಸೆ ಬಿಟ್ಟು ಒಡೆದುಹಾಕುತ್ತಾರೆ. ಬಾಟಲಿಯಲ್ಲಿ ಹಣ್ಣು, ಅದಕ್ಕೆ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿದ ಸ್ಟಾನಸ್ ಕ್ಲೋರೈಡ್, ಮೇಲೆ ಒಂದು ಪದರ ಐಸೋಆಕ್ಟೇನ್. ಮುಚ್ಚಳ ಬಿಗಿದು 80 ಡಿಗ್ರಿ ನೀರಿನ ತೊಟ್ಟಿಯಲ್ಲಿ ಒಂದೆರಡು ಗಂಟೆ ಇಟ್ಟು ಆಗಾಗ ಕುಲುಕುತ್ತಾರೆ. ಮ್ಯಾಂಕೋಜೆಬ್ ಒಡೆದು ಕಾರ್ಬನ್ ಡೈಸಲ್ಫೈಡ್ ಹೊರಡುತ್ತದೆ, ಐಸೋಆಕ್ಟೇನ್ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ತಣ್ಣಗಾದ ಮೇಲೆ ಆ ಪದರವನ್ನು ಗ್ಯಾಸ್ ಕ್ರೊಮ್ಯಾಟೋಗ್ರಫಿಗೆ, ಅಂದರೆ ವಸ್ತುಗಳನ್ನು ಆವಿ ಮಾಡಿ ಬೇರ್ಪಡಿಸುವ ಯಂತ್ರಕ್ಕೆ, ಕೊಡುತ್ತಾರೆ.

ಇಲ್ಲೊಂದು ಎಚ್ಚರ. ಉಳಿದ ಔಷಧಿಗಳಿಗೆ ಹಣ್ಣನ್ನು ನುಣ್ಣಗೆ ರುಬ್ಬಿದಷ್ಟೂ ಒಳ್ಳೆಯದು. ಮ್ಯಾಂಕೋಜೆಬ್‌ಗೆ ರುಬ್ಬಬಾರದು, ದ್ರಾಕ್ಷಿಯ ಹುಳಿ ರಸ ತಾಗಿದರೆ ಬಾಟಲಿಗೆ ಹೋಗುವ ಮೊದಲೇ ಒಡೆಯಲು ಶುರುವಾಗುತ್ತದೆ. ಇಡೀ ಹಣ್ಣನ್ನೋ ಹೆಪ್ಪುಗಟ್ಟಿಸಿದ ತುಂಡನ್ನೋ ಬೇಗ ತೂಗಿ ಹಾಕಬೇಕು. ಇನ್ನೂ ಒಂದು ಮಿತಿ ಇದೆ. ಈ ಪರೀಕ್ಷೆಗೆ ಕಾಣುವುದು ಕಾರ್ಬನ್ ಡೈಸಲ್ಫೈಡ್ ಮಾತ್ರ. ಹೊಡೆದದ್ದು ಮ್ಯಾಂಕೋಜೆಬ್ಬೋ ಪ್ರೊಪಿನೆಬ್ಬೋ ಥೈರಮ್ಮೋ ಅದಕ್ಕೆ ತಿಳಿಯುವುದಿಲ್ಲ. ಎಲೆಕೋಸು, ಸಾಸಿವೆ ಜಾತಿಯ ಗಿಡಗಳಿಂದ ಔಷಧಿ ಹೊಡೆಯದಿದ್ದರೂ ಸ್ವಲ್ಪ ಕಾರ್ಬನ್ ಡೈಸಲ್ಫೈಡ್ ಬರುತ್ತದೆ.

ಇನ್ನೊಂದು ಹಟಮಾರಿ ಕ್ಲೋರ್‌ಮೆಕ್ವಾಟ್ ಕ್ಲೋರೈಡ್, ರೈತರ ಬಾಯಲ್ಲಿ ಸಿಸಿಸಿ. ಏಪ್ರಿಲ್ ಚಾಟ್ನಿ (ಬಳ್ಳಿ ಸವರುವುದು) ಆದ ಮೇಲೆ ಬಳ್ಳಿ ಸುಮ್ಮನೆ ಉದ್ದಕ್ಕೆ ಬೆಳೆಯದೆ ಹಣ್ಣು ಕೊಡುವ ಮೊಗ್ಗು ಕಟ್ಟಲಿ ಎಂದು ಹೊಡೆಯುತ್ತಾರೆ. ಈ ಅಣುವಿನ ಸಾರಜನಕದ ಮೇಲೆ ಯಾವಾಗಲೂ ಧನ ಆವೇಶ ಇರುತ್ತದೆ. ಹುಳಿ ಹೆಚ್ಚಿಸಿ, ಕಮ್ಮಿ ಮಾಡಿ, ಅದು ಹೋಗುವುದಿಲ್ಲ. ಹಾಗಾಗಿ ಇದಕ್ಕೆ ನೀರೇ ಮನೆ. ಅಸಿಟೋನೈಟ್ರೈಲ್ ಬೇರೆಯಾಗಿ ಮೇಲೆ ಎದ್ದಾಗ ಸಿಸಿಸಿ ಕೆಳಗೆ ಉಳಿಯುತ್ತದೆ.

2010ರಲ್ಲಿ ಇದರ ಬಿಸಿ ತಟ್ಟಿತು. ಭಾರತದಿಂದ ಯುರೋಪಿಗೆ ಹೋದ ದ್ರಾಕ್ಷಿಯಲ್ಲಿ ಸಿಸಿಸಿ ಅಲ್ಲಿನ ಮಿತಿ ಮೀರಿ ಸಿಕ್ಕಿತು. ಇಲ್ಲಿಂದ ಪರೀಕ್ಷೆ ಆಗಿಯೇ ಹೋದ ಹಣ್ಣು. ಆದರೆ ರಫ್ತಿಗೆ ಪರೀಕ್ಷಿಸುವ ಪಟ್ಟಿಯಲ್ಲಿ ಆಗ ಸಿಸಿಸಿ ಇರಲಿಲ್ಲ. ನಷ್ಟ ಹೊತ್ತವರು ಬೆಳೆಗಾರರು ಮತ್ತು ರಫ್ತುದಾರರು. ಹಣ್ಣು ಬಿಡುವುದಕ್ಕೆ ತಿಂಗಳುಗಳ ಮುಂಚೆ ಹೊಡೆದದ್ದು ಹಣ್ಣಿನಲ್ಲಿ ಸಿಗುತ್ತದೆ ಎಂದು ಎಷ್ಟು ಜನ ಊಹಿಸಿದ್ದರು? ಬಳ್ಳಿಯೊಳಗೆ ಓಡಾಡುವ, ಬೇಗ ಒಡೆಯದ ವಸ್ತು ಅದು.

ಇಂಥವುಗಳಿಗೆ ಜರ್ಮನಿಯ ಸ್ಟುಟ್‌ಗಾರ್ಟ್ ಬಳಿಯ ಯುರೋಪಿನ ರೆಫರೆನ್ಸ್ ಲ್ಯಾಬ್ ಬೇರೊಂದು ವಿಧಾನ ರೂಪಿಸಿದೆ. ಅದು ಕ್ವೆಚರ್ಸ್‌ಗಿಂತಲೂ ಸರಳ. ಹಣ್ಣಿಗೆ ಶೇ. 1 ಫಾರ್ಮಿಕ್ ಆಮ್ಲ ಸೇರಿಸಿದ ಮೆಥನಾಲ್ ಹಾಕಿ ಕುಲುಕುವುದು, ಸೆಂಟ್ರಿಫ್ಯೂಜ್ ಮಾಡುವುದು, ಸೋಸಿ ಯಂತ್ರಕ್ಕೆ ಕೊಡುವುದು. ಪದರ ಬೇರೆ ಮಾಡುವ ಹಂತವೇ ಇಲ್ಲ. ನೀರು, ಮೆಥನಾಲ್, ಸಿಸಿಸಿ ಎಲ್ಲ ಒಂದೇ ದ್ರವದಲ್ಲಿ. ಬೇಡದ್ದೂ ಜಾಸ್ತಿ ಬರುತ್ತದೆ. ಅದನ್ನು ಸರಿದೂಗಿಸಲು ಡ್ಯೂಟೇರಿಯಂ (ಭಾರದ ಹೈಡ್ರೋಜನ್) ಸೇರಿಸಿ ತಯಾರಿಸಿದ ಸಿಸಿಸಿಯನ್ನು ಮೊದಲೇ ಗೊತ್ತಿರುವ ಅಳತೆಯಲ್ಲಿ ಹಾಕಿರುತ್ತಾರೆ. ಅಸಲಿಗೆ ಎಷ್ಟು ಪೆಟ್ಟು ಬಿತ್ತೋ ಇದಕ್ಕೂ ಅಷ್ಟೇ ಬೀಳುತ್ತದೆ, ಎರಡರ ಅನುಪಾತ ಕೆಡುವುದಿಲ್ಲ. ಗ್ಲೈಫೋಸೇಟ್ ಕಳೆನಾಶಕಕ್ಕೂ ಇದೇ ಬಗೆಯ ವಿಧಾನ ಬೇಕು.

ಲ್ಯಾಬಿನವರಿಗೆ ತಮ್ಮ ಸಾಲ್ವೆಂಟ್ ಎಷ್ಟು ತಂದಿತು ಎಂದು ಹೇಗೆ ಗೊತ್ತಾಗುತ್ತದೆ? ಔಷಧಿ ಇಲ್ಲದ ದ್ರಾಕ್ಷಿಗೆ ಗೊತ್ತಿರುವಷ್ಟು ಔಷಧಿ ಸೇರಿಸಿ, ಎಷ್ಟು ವಾಪಸ್ ಬಂತು ಎಂದು ನೋಡುತ್ತಾರೆ. ಇದಕ್ಕೆ ರಿಕವರಿ ಎನ್ನುತ್ತಾರೆ. ಯುರೋಪಿನ ಮಾರ್ಗಸೂಚಿಯಂತೆ ಸರಾಸರಿ ಶೇ. 70ರಿಂದ 120ರೊಳಗೆ ಬಂದರೆ ವಿಧಾನ ಒಪ್ಪಿತ. ಆದರೆ ಈ ಪರೀಕ್ಷೆಯನ್ನು ಪೂರ್ತಿ ನಂಬಬಾರದು. ಈಗತಾನೇ ಸೇರಿಸಿದ ಔಷಧಿ ರುಬ್ಬಿದ ತಿರುಳಿನ ಹೊರಗೇ ಇರುತ್ತದೆ, ಸಲೀಸಾಗಿ ಬರುತ್ತದೆ. ತೋಟದಲ್ಲಿ ವಾರಗಟ್ಟಲೆ ಬಿಸಿಲು ಮಳೆಯಲ್ಲಿ ಮೇಣದೊಳಗೆ, ತಿರುಳಿನೊಳಗೆ ಇಳಿದದ್ದು ಅಷ್ಟು ಬೇಗ ಬಿಟ್ಟುಕೊಡುವುದಿಲ್ಲ.

ಮಣ್ಣಿನಲ್ಲಿ ಈ ವ್ಯತ್ಯಾಸ ಇನ್ನೂ ದೊಡ್ಡದು. ವರ್ಷಗಟ್ಟಲೆ ಮಣ್ಣಿನ ಕಣಕ್ಕೆ ಅಂಟಿದ ಡಿಡಿಟಿಯನ್ನು ಒಂದು ನಿಮಿಷ ಕುಲುಕಿ ತೆಗೆಯಲಾಗುವುದಿಲ್ಲ. ಅಲ್ಲಿ ಇಂದಿಗೂ ಸಾಕ್ಸ್‌ಲೆಟ್ ಕೆಲಸ ಮಾಡುತ್ತದೆ. 1879ರಲ್ಲಿ ಜರ್ಮನಿಯ ಫ್ರಾಂಜ್ ಫಾನ್ ಸಾಕ್ಸ್‌ಲೆಟ್ ಹಾಲಿನ ಕೊಬ್ಬು ಅಳೆಯಲು ಬಳಸಿದ ಗಾಜಿನ ಉಪಕರಣ ಅದು. ಕುದಿಯುವ ಸಾಲ್ವೆಂಟಿನ ಆವಿ ಮೇಲೆ ತಣಿದು ತೊಟ್ಟಿಕ್ಕಿ, ಮಾದರಿ ತುಂಬಿದ ಕಾಗದದ ಕೊಳವೆಯಲ್ಲಿ ನಿಲ್ಲುತ್ತದೆ. ತುಂಬಿದಾಗ ಸೈಫನ್ ಮೂಲಕ ಒಮ್ಮೆಲೇ ಕೆಳಗೆ ಇಳಿಯುತ್ತದೆ. ಪ್ರತಿ ಸುತ್ತಿನಲ್ಲೂ ಮಣ್ಣಿಗೆ ಹೊಸ, ಶುದ್ಧ ಸಾಲ್ವೆಂಟ್. ಗಂಟೆಗೆ ನಾಲ್ಕರಿಂದ ಆರು ಸುತ್ತಿನಂತೆ 16ರಿಂದ 24 ಗಂಟೆ ನಡೆಯುತ್ತದೆ. 1990ರ ದಶಕದಲ್ಲಿ ಬಂದ ಒತ್ತಡದ ಯಂತ್ರಗಳು ಸಾಲ್ವೆಂಟನ್ನು 100 ಡಿಗ್ರಿಗೆ ಕಾಯಿಸಿ, ಕುದಿಯದಂತೆ ಒತ್ತಡದಲ್ಲಿ ಹಿಡಿದು, ಇದೇ ಕೆಲಸವನ್ನು ಕಾಲು ಗಂಟೆಯಷ್ಟು ಹೊತ್ತಿನಲ್ಲಿ ಮುಗಿಸುತ್ತವೆ. ಹಣ ಇದ್ದರೆ ಅದು, ಹೊತ್ತು ಇದ್ದರೆ ಸಾಕ್ಸ್‌ಲೆಟ್.

ನಿಮ್ಮ ಕೈಗೆ ದ್ರಾಕ್ಷಿಯ ರಿಪೋರ್ಟ್ ಬಂದರೆ ‘ಪತ್ತೆಯಾಗಿಲ್ಲ’ ಎಂಬ ಸಾಲಿಗಿಂತ ಮೊದಲು ಪರೀಕ್ಷಿಸಿದ ವಸ್ತುಗಳ ಪಟ್ಟಿಯನ್ನೂ ವಿಧಾನದ ಹೆಸರನ್ನೂ ನೋಡಿ. ಪ್ರತಿಯೊಂದಕ್ಕೂ ಎಷ್ಟು ಕಮ್ಮಿ ತನಕ ಅಳೆಯಬಲ್ಲರು ಎಂಬ ಅಂಕಿ ಪಕ್ಕದಲ್ಲಿರಬೇಕು. ಡೈಥಯೋಕಾರ್ಬಮೇಟ್, ಅಂದರೆ ಮ್ಯಾಂಕೋಜೆಬ್ ಗುಂಪು, ಬೇರೆ ಸಾಲಿನಲ್ಲಿ ಕಾರ್ಬನ್ ಡೈಸಲ್ಫೈಡ್ ಲೆಕ್ಕದಲ್ಲಿ ಬಂದಿರಬೇಕು. ಸಿಸಿಸಿಗೂ ಬೇರೆ ವಿಧಾನದ ಹೆಸರು ಇರಬೇಕು. ಈ ಎರಡು ಸಾಲು ಕಾಣದಿದ್ದರೆ ಆ ಎರಡನ್ನು ಹುಡುಕಿಯೇ ಇಲ್ಲ ಎಂದರ್ಥ. ತೋಟಕ್ಕೆ ಅವನ್ನು ಹೊಡೆದಿದ್ದರೆ, ಪಟ್ಟಿಯಲ್ಲಿ ಐನೂರು ಹೆಸರಿದ್ದರೂ, ಆ ಎರಡು ಪರೀಕ್ಷೆಗೆ ಪ್ರತ್ಯೇಕವಾಗಿ ಸ್ಯಾಂಪಲ್ ಕೊಡಬೇಕು.